ಮಹಡಿಯ ಮೇಲಿನ ಗಾಬೊರ್ ಸಾರ್

ಬೆಳಿಗ್ಗೆ ಎದ್ದ ಕೂಡಲೇ ಗಾಬೊರ್ ಸಾರ್ ತಮ್ಮ ಚೆಲ್ಲೋವನ್ನು ತಟ್ಟಿ ನೋಡುತ್ತಿದ್ದರು. ನಾವು ಹಲಸಿನ ಹಣ್ಣನ್ನು ತಟ್ಟಿ ಕಿವಿಗೊಡುತ್ತೇವಲ್ಲ, ಹಾಗೆ. ಪಿಟೀಲನ್ನೇ ಎದೆಯೆತ್ತರಕ್ಕೆ ಬೆಳೆಸಿದಂತಿದ್ದ ಆ ವಾದ್ಯದ ಅಂಚಿನುದ್ದಕ್ಕೂ ಬೆರಳಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತ ಒಂದು ಸುತ್ತು ಬರುವರು. ಎಲ್ಲಾದರೂ ಸದ್ದು ಒಡಕಾಗಿ ಕೇಳಿದರೆ ಅಲ್ಲಿ ಅಂಟು ಬಿಟ್ಟಿದೆ ಎಂದು ಲೆಕ್ಕ.

ಹಂಗೇರಿಯವರು. ಅಲ್ಲಿಯ ಸಣ್ಣ ಊರೊಂದರ ವಾದ್ಯವೃಂದದಲ್ಲಿ ಮೂವತ್ತು ವರ್ಷ ನುಡಿಸಿ, ನಿವೃತ್ತರಾಗಿ, ಜೆ.ಪಿ. ನಗರದ ಸಂಗೀತ ಶಾಲೆಗೆ ಮೇಷ್ಟ್ರಾಗಿ ಬಂದಿದ್ದರು. ಕತ್ರಿಗುಪ್ಪೆಯ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದರು. ನಾನು ಕಾಲು ಮುರಿದ ಮಂಚ, ಬೀರುಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತ ಮೇಲೆ ಬಂದವನು. ಚೌಕಾಸಿ ಮಾಡದ ಬಾಡಿಗೆದಾರರನ್ನು ನಂಬಬೇಡಿ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತೇನೆ. ಇವರು ಚೌಕಾಸಿ ಮಾಡಲೇ ಇಲ್ಲ. ಆದರೂ ಬೀಗದ ಕೈ ಕೊಟ್ಟೆ.

ಸೊಪ್ಪಿನ ಗಾಡಿಯ ಜಯಮ್ಮನಿಂದ ಕನ್ನಡ ಕಲಿತರು. ಅವಳು ಹೇಳಿದ ಬೆಲೆಗೇ ಕೊಳ್ಳುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

"ಸಾರ್, ಅರ್ಧಕ್ಕೆ ಕೇಳಿ."

"ಅರ್ಧ ಸೊಪ್ಪು ಕೊಟ್ರೆ?"

ಜಯಮ್ಮ ಗಾಡಿಯಿಂದಲೇ ಕೂಗಿದಳು: "ಓನರೇ, ನೀವು ಒಳಗ್ ಹೋಗಿ. ಈ ರೋಡಲ್ಲಿ ಒಬ್ರಾದ್ರೂ ಮನುಷ್ಯರು ಇರ್ಲಿ!"

ಮೂವತ್ತು ವರ್ಷವೂ ಅವರ ಕುರ್ಚಿ ಕೊನೆಯ ಸಾಲಿನಲ್ಲೇ ಇತ್ತಂತೆ. "ಒಬ್ರೇ ಕೂತು ನುಡಿಸ್ಲೇ ಇಲ್ವಾ ಸಾರ್?" ಎಂದು ಒಮ್ಮೆ ಕೇಳಿದೆ. "ಒಂದ್ಸಲ ಚಾನ್ಸ್ ಬಂತು. ಅವತ್ತೇ ಜ್ವರಾನೂ ಬಂತು" ಎಂದು ನಕ್ಕರು. 

ಆ ಅವಕಾಶ ಅರವತ್ತೆಂಟನೆಯ ವಯಸ್ಸಿನಲ್ಲಿ, ನಮ್ಮೂರಿನಲ್ಲಿ ಬಂತು. ಶಾಲೆಯವರು ಅವರೊಬ್ಬರದೇ ಕಛೇರಿ ಏರ್ಪಡಿಸಿದರು. ಮಳೆಗಾಲ. ಇನ್ನು ಮೂರು ದಿನವಿದೆ ಎನ್ನುವಾಗ ಚೆಲ್ಲೋದ ಅಂಚಿನಲ್ಲಿ ಅಂಟು ಬಿಟ್ಟಿತು. ಚೆನ್ನೈನಿಂದ ರಿಪೇರಿಯವರು ಬರಬೇಕಿತ್ತು.

"ನಾನೇ ಮಾಡ್ತೀನಿ ಸಾರ್, ಎರಡು ನಿಮಿಷದ ಕೆಲ್ಸ."

"ಬೇಡ. ಅವರು ಬರ್ತಾರೆ."

ನಾನು ಅದನ್ನು ದಾಕ್ಷಿಣ್ಯ ಎಂದುಕೊಂಡೆ. ಅವರು ಪಾಠಕ್ಕೆ ಹೋದಾಗ ನನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು, ಬೀರುವಿಗೆ ಹಾಕುವ ಗಟ್ಟಿ ಅಂಟನ್ನೇ ಹಾಕಿ, ಕ್ಲ್ಯಾಂಪ್ ಬಿಗಿದು ಬಂದೆ. ಸಂಜೆ ಸಾರ್ ಬಂದು ತಟ್ಟಿ ನೋಡಿದರು. ಸದ್ದು ಗಟ್ಟಿಯಾಗಿತ್ತು. ನನ್ನ ಮುಖ ನೋಡಿ "ಥ್ಯಾಂಕ್ಸ್" ಎಂದರು, ಅಷ್ಟೇ. ಮರುದಿನ ಬಂದ ರಿಪೇರಿಯವರು, "ಇದನ್ನ ಬಿಡಿಸೋಕೆ ಹೋದ್ರೆ ಮರಾನೇ ಕಿತ್ಕೊಂಡು ಬರುತ್ತೆ" ಎಂದು ತಲೆಯಾಡಿಸಿದರು. ನನಗದು ಹೊಗಳಿಕೆಯಂತೆ ಕೇಳಿಸಿತು.

ಕಛೇರಿಯ ದಿನ ಸಾರ್ ವೇದಿಕೆಯ ನಡುವೆ ಒಬ್ಬರೇ ಕೂತು ನುಡಿಸಿದರು. ಸಂಗೀತದ ಗಂಧವಿಲ್ಲದ ನನಗೂ ಸತ್ತುಹೋದ ನನ್ನಮ್ಮ ಪಕ್ಕದ ಕೋಣೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದಾಳೆ ಅನ್ನಿಸಿತು.

ಮಳೆ ಹೋಗಿ ಬಿಸಿಲು ಬಂತು. ಮಾರ್ಚಿನ ಒಂದು ಮಧ್ಯಾಹ್ನ ಮಹಡಿಯಿಂದ "ಟಪ್" ಎಂದಿತು. ಓಡಿಹೋದೆ. ಚೆಲ್ಲೋದ ಮುಂಭಾಗ ಗೇಣುದ್ದ ಸೀಳಿತ್ತು. ಸಾರ್ ಅದರ ಮೇಲೆ ಅಂಗೈಯಿಟ್ಟು ಕೂತಿದ್ದರು. ಅವತ್ತು ವಿವರಿಸಿದರು: ಒಣಹವೆಗೆ ಮರ ಕುಗ್ಗುತ್ತದೆ. ಆಗ ಅಂಟು ಬಿಟ್ಟುಕೊಟ್ಟರೆ ಮರ ಉಳಿಯುತ್ತದೆ. ಅದಕ್ಕೆಂದೇ ಬೇಕಂತಲೇ ದುರ್ಬಲವಾದ ಅಂಟು ಹಾಕುತ್ತಾರೆ. ಬಿಡಲೇಬಾರದು ಎನ್ನುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

"ತಪ್ಪಾಯ್ತು ಸಾರ್."

"ನೀವು ಪ್ರೀತಿಯಿಂದ ಅಂಟಿಸಿದ್ರಿ. ಪಾಪ, ಮರಕ್ಕೆ ಅದು ಗೊತ್ತಾಗಲ್ಲ."

ಅದು ಅವರ ಗುರುಗಳು ಕೊಟ್ಟ ಚೆಲ್ಲೋ. ಸರಿಮಾಡಬಲ್ಲ ಮುದುಕರೊಬ್ಬರು ಅವರ ಊರಿನಲ್ಲೇ ಇದ್ದರು. ಸಾರ್ ಅಲ್ಲಿಗೆ ಹೊರಟ ದಿನ ಟ್ಯಾಕ್ಸಿಗೆ ಪೆಟ್ಟಿಗೆ ಏರಿಸಲು ಕೈ ನೀಡಿ, ಹೆದರಿ, ಹಿಂದೆಗೆದೆ. "ಹಿಡ್ಕೊಳ್ಳಿ, ಹಿಡ್ಕೊಳ್ಳಿ. ಮಳೆಗಾಲಕ್ಕೆ ಬರ್ತೀನಿ" ಎಂದು ಅವರೇ ಒಂದು ತುದಿಯನ್ನು ನನ್ನ ಕೈಗಿಟ್ಟರು.

ಚೆಲ್ಲೋ ಸರಿಹೋಯಿತು. ಆದರೆ ಅವರ ಹೃದಯ ಕೈಕೊಟ್ಟಿತು, ಡಾಕ್ಟರು ಪ್ರಯಾಣ ಬೇಡವೆಂದರು. ಒಂದು ದಿನ ಫೋನ್ ಮಾಡಿ, "ಕೇಳಿ, ಹೇಗಿದೆ ಹೇಳಿ" ಎಂದು ನುಡಿಸಿದರು. ನಾನು ಫೋನ್ ಹಿಡಿದು ಮಹಡಿ ಹತ್ತಿ, ಖಾಲಿ ಕೋಣೆಯಲ್ಲಿ ಸ್ಪೀಕರ್ ಹಾಕಿ ನಿಂತೆ. ಆಮೇಲೆ ಫೋನ್ ಬರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಅವರ ತಂಗಿಯಿಂದ ಎರಡು ಸಾಲಿನ ಸಂದೇಶ ಬಂತು.

ಈಗ ಮಹಡಿಯಲ್ಲಿ ಹುಬ್ಬಳ್ಳಿಯ ದಂಪತಿ ಇದ್ದಾರೆ. ಮೊನ್ನೆ ಆ ಹುಡುಗಿ ಕರೆದು ತೋರಿಸಿದಳು. ಚೆಲ್ಲೋದ ಕೆಳಗಿನ ಉಕ್ಕಿನ ಮೊನೆ ದಿನಾ ಊರಿ ಊರಿ, ಕಿಟಕಿಯ ಬಳಿ ಕೆಂಪು ಗಾರೆನೆಲದಲ್ಲಿ ಕಾಳಿನಷ್ಟು ಕುಳಿ ಬಿದ್ದಿದೆ.

"ಅಂಕಲ್, ಇಲ್ಲೊಂದು ತೂತ ಬಿದ್ದೈತ್ರಿ. ಮುಚ್ಚಿಸಿ ಕೊಡ್ರಿ."

"ಇರ್ಲಿ ಬಿಡಮ್ಮ" ಎಂದು ಕೆಳಗಿಳಿದು ಬಂದೆ.