ಅತ್ತೆಯ ಹಿತ್ತಿಲಿಗೆ ನಾನು ತಂದ ಬಿಸಿಲು

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂವತ್ತೊಂದು ವರ್ಷ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವರು. ಇವತ್ತಿಗೂ ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ದಿಂಬಿನ ಚೀಲದ ಮೇಲೆ. ನನ್ನ ಮದುವೆಯಾದ ಹೊಸತರಲ್ಲಿ ನನ್ನ ಅಂಗಿಯ ಕಾಲರನ್ನು ಒಮ್ಮೆ ನೋಡಿ, ತುಟಿಪಿಟಕ್ಕೆನ್ನದೆ ಒಂದು ಸೋಪು ತಂದು ಕೈಗಿಟ್ಟಿದ್ದರು. ಅದನ್ನು ನಾನಿನ್ನೂ ಮರೆತಿಲ್ಲ.

ಅವರ ಮನೆಯ ಹಿಂದೆ ಮೂರು ಎತ್ತರದ ಗೋಡೆಗಳ ನಡುವೆ ಒಂದು ಹಿತ್ತಿಲಿದೆ. ಮೂಲೆಯ ಮರ ಅದರ ಮೇಲೆಲ್ಲ ಕೊಂಬೆ ಚಾಚಿ, ಬಿಸಿಲನ್ನು ಸೋಸಿ ಸೋಸಿ ಕೆಳಗೆ ಬಿಡುತ್ತಿತ್ತು. ಅಲ್ಲಿ ಒಂದು ಕರವಸ್ತ್ರವೂ ನೆಟ್ಟಗೆ ಒಣಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅತ್ತೆ ಆ ಜಾಗವನ್ನೇ ಹಿಡಿದು ಕೂತರು. "ಬಟ್ಟೆ ಒಣಗಿಸಿ ಒಣಗಿಸಿ ಸಾಕಾಗಿದೆ. ಇನ್ಮೇಲೆ ನನ್ನ ಕಣ್ಮುಂದೆ ಏನಾದ್ರೂ ಹಸಿಯಾಗೇ ಇರ್ಲಿ," ಅಂದರು. ಹಳೆಯ ಟಬ್ಬು, ತೂತುಬಿದ್ದ ಬಕೆಟ್ಟುಗಳಲ್ಲಿ ಜರೀಗಿಡ, ಬಿಗೋನಿಯಾ, ಕೋಲಿಯಸ್ ಬಂದವು. ಗೋಡೆಯುದ್ದಕ್ಕೂ ಬಣ್ಣದ ಕೆಸು. ಅದು ಚಳಿಗಾಲವೆಲ್ಲ ಗೆಡ್ಡೆಯಾಗಿ ಮಲಗಿದ್ದು, ವಸಂತಕ್ಕೆ ಸುರುಳಿ ಸುತ್ತಿದ ಎಲೆ ಚುಚ್ಚಿಕೊಂಡು ಮೇಲೆ ಬರುತ್ತದೆ. ಬಿಚ್ಚಿದರೆ ಬಿಳಿಯ ಮೇಲೆ ಹಸಿರು ನರ, ಗುಲಾಬಿಯ ಮೇಲೆ ಕೆಂಪು ಚುಕ್ಕಿ. ಹೂವೇ ಬೇಡ ಅನ್ನಿಸುವ ಎಲೆ.

ಗಿಡ ಇಡುವುದರಲ್ಲೂ ಅವರದು ಒಂದು ಕ್ರಮ. ಮೊದಲು ಆ ಜಾಗದಲ್ಲಿ ಬಿಳಿ ಕರವಸ್ತ್ರ ಹಾಸುತ್ತಾರೆ. ಗಂಟೆಗೊಮ್ಮೆ ಹೋಗಿ ಅದರ ಮೇಲೆ ಅಂಗೈ ಹಿಡಿದು ನೋಡುತ್ತಾರೆ. ಕೈಯ ನೆರಳು ಬೆರಳು ಬೆರಳಾಗಿ ಚೂಪಾಗಿ ಬಿದ್ದರೆ ಕೆಸುವಿಗೆ ಆಗದ ಜಾಗ. ಮಸುಕಾಗಿ ಬಿದ್ದರೆ ಸರಿ. ಒಂದು ಟಬ್ಬಿಗೆ ಜಾಗ ಗೊತ್ತುಮಾಡಲು ಇಡೀ ದಿನ! ನಾನು ಎಲೆಕ್ಟ್ರಿಷಿಯನ್. ನನ್ನ ಪ್ರಕಾರ ಕತ್ತಲೆಂದರೆ ಎಲ್ಲೋ ವೈರು ಬಿಟ್ಟಿದೆ, ಅಷ್ಟೇ. "ಅತ್ತೆ, ಹಿತ್ತಿಲಿಗೊಂದು ದೀಪ ಹಾಕ್ತೀನಿ," ಎಂದು ಎಂಟು ವರ್ಷದಿಂದ ಹೇಳುತ್ತಿದ್ದೆ. "ನಿಮ್ಮ ದೀಪ ನಿಮ್ಮ ಹತ್ರಾನೇ ಇರ್ಲಿ," ಎನ್ನುತ್ತಿದ್ದರು.

ಅವರ ಮಂಡಿ ಕೈಕೊಡಲು ಶುರುವಾದ ಮೇಲೆ ನನ್ನ ಹೆಂಡತಿ ಹಟ ಹಿಡಿದಳು: ಅಮ್ಮ ನಮ್ಮ ಫ್ಲ್ಯಾಟಿಗೆ ಬಂದುಬಿಡಬೇಕು. ಮೂರನೇ ಮಹಡಿ, ಲಿಫ್ಟಿದೆ, ಬಾಲ್ಕನಿ ತುಂಬ ಬಿಸಿಲು. ನಾನೂ ತಾಳ ಹಾಕಿದೆ. ಅತ್ತೆಯದು ಒಂದೇ ಮಾತು. "ನಿಮ್ಮ ಬಿಸಿಲಲ್ಲಿ ನನ್ನ ಗಿಡ ಎರಡು ದಿನ ಬದುಕಲ್ಲ. ಅವು ಇರೋವರೆಗೂ ನಾನು ಇಲ್ಲೇ."

ಈ ವಸಂತದ ಆರಂಭದಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಮೂರು ವಾರ ನಮ್ಮಲ್ಲಿದ್ದರು. ಗಿಡಕ್ಕೆ ನೀರು ಹಾಕುವ ಹೊಣೆ ನನ್ನದು. ಹೋಗಿ ನೋಡಿದರೆ ಕೆಸು ಆಗಷ್ಟೇ ಎಲೆ ಬಿಚ್ಚಿತ್ತು. ಒಂದೊಂದು ಎಲೆಯೂ ಮರದ ಸಂದಿಯ ಬೆಳಕಿನ ಕಡೆಗೆ ಕತ್ತು ಚಾಚಿಕೊಂಡಿತ್ತು. ಪಾಪ ಅನ್ನಿಸಿತು. ಮರ ಕಡಿಯುವವನನ್ನು ಕರೆಸಿ ಎರಡು ದೊಡ್ಡ ಕೊಂಬೆ ತೆಗೆಸಿಬಿಟ್ಟೆ. ಹಿತ್ತಿಲು ಝಗ್ಗೆಂದು ಬೆಳಗಿತು. ಅತ್ತೆಯಿಂದ ಜೀವನದಲ್ಲಿ ಒಂದಾದರೂ ಶಹಬ್ಬಾಸ್ ಸಿಗುತ್ತದೆಂದು ಶಿಳ್ಳೆ ಹಾಕುತ್ತ, ಟಬ್ಬುಗಳಿಗೆಲ್ಲ ನೀರು ತುಂಬಿ ಹೊರಟೆ.

ನಡುವೆ ಒಂದು ಶಾಲೆಯ ವೈರಿಂಗ್ ಕೆಲಸ ಬಂತು. ನಾಲ್ಕು ದಿನ ಬಿಟ್ಟು ಬಂದು ಹಿತ್ತಿಲ ಬಾಗಿಲು ತೆರೆದೆ. ಇಸ್ತ್ರಿಪೆಟ್ಟಿಗೆ ಮರೆತಿಟ್ಟ ಬಟ್ಟೆಯ ಹಾಗೆ ಎಲೆಗಳೆಲ್ಲ ಕಂದಾಗಿ ಸುಟ್ಟಿದ್ದವು. ಜರೀಗಿಡ ಮುಟ್ಟಿದರೆ ಪುಡಿಯಾಯಿತು.

ಅತ್ತೆ ಊರುಗೋಲು ಹಿಡಿದು ತಮ್ಮ ಮನೆಗೆ ವಾಪಸು ಬಂದ ದಿನ ಮೊದಲು ನೋಡಿದ್ದು ಗಿಡಗಳನ್ನಲ್ಲ, ಮೇಲೆ, ಆಕಾಶವನ್ನು. ಆಮೇಲೆ ನನ್ನನ್ನು.

"ಗಿಡ ಸತ್ರೆ ನಾನು ತೆಪ್ಪಗೆ ನಿಮ್ಮನೆಗೆ ಬರ್ತೀನಿ ಅಂದ್ಕೊಂಡ್ರಾ?"

ನನಗೆ ಆ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಕೋಪ ನೆತ್ತಿಗೇರಿತು. "ಅತ್ತೆ, ದಡ್ಡ ಅನ್ನಿ, ಒಪ್ಕೋತೀನಿ. ಮೋಸಗಾರ ಅನ್ಬೇಡಿ!" ಎಂದೆ. ಅವರು ಊರುಗೋಲು ಕುಟ್ಟುತ್ತ ಒಳಗೆ ಹೋದರು. ಸಂಜೆ ಮನೆಗೆ ಬಂದರೆ ಹೆಂಡತಿಯೂ ಮೆಲ್ಲಗೆ, "ನಿಜ ಹೇಳಿ, ಬೇಕಂತಲೇ ಮಾಡಿದ್ರಾ?" ಎಂದಳು. ಆವತ್ತು ನನಗೆ ಊಟ ಸೇರಲಿಲ್ಲ. ಹೌದು, ಅವರು ನಮ್ಮಲ್ಲಿಗೆ ಬರಲಿ ಎಂದು ನಾನೂ ಬಯಸಿದ್ದೆ. ಹಾಗಾದರೆ ಯಾರಾದರೂ ನನ್ನನ್ನು ಏಕೆ ನಂಬಬೇಕು?

ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಗೋಡೆಯಿಂದ ಗೋಡೆಗೆ ಕೊಕ್ಕೆ ಹೊಡೆದು ಆರು ಸಾಲು ತಂತಿ ಎಳೆದೆ. ಅತ್ತೆ ಕುರ್ಚಿಯಲ್ಲಿ ಕೂತು ನೋಡಿದರು. ಕೊನೆಗೆ, "ಮೇಲೇನು ಹೊದಿಸ್ತೀರಿ? ನಿಮ್ಮ ಅಂಗೀನಾ?" ಎಂದರು. ಆಮೇಲೆ ಕಪಾಟು ತೋರಿಸಿದರು. ನಿವೃತ್ತಿಯ ದಿನ ಜೊತೆಗಾರರು ತಮಾಷೆಗೆ ಕೊಟ್ಟಿದ್ದ ಆಸ್ಪತ್ರೆಯ ಸವೆದ ಬೆಡ್‌ಶೀಟುಗಳು ಅಲ್ಲಿದ್ದವು, ಹನ್ನೆರಡು. ಒಂದು ಪದರ ಹೊದಿಸಿ ಕರವಸ್ತ್ರದ ಮೇಲೆ ಕೈ ಹಿಡಿದೆ. "ಇನ್ನೂ ಚೂಪು," ಎಂದರು. ಎರಡು ಪದರ ಮಾಡಿದೆ. ಬೆರಳುಗಳು ಮಸುಕಾದವು.

ಅಂದಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಹೋಗಿ ಶೀಟು ಎಳೆಯುವುದು, ಕೆಲಸ ಮುಗಿಸಿ ಬಂದು ತೆಗೆಯುವುದು. ರಾತ್ರಿಯಿಡೀ ಬಟ್ಟೆಯನ್ನು ಇಬ್ಬನಿಯಲ್ಲಿ ಬಿಡುವುದು ಅತ್ತೆಗೆ ಆಗದು. ಮೊದಲೆಲ್ಲ ನಾನು ಅಲ್ಲಿಗೆ ಹೋಗುತ್ತಿದ್ದುದು ತಿಂಗಳಿಗೊಮ್ಮೆ. ಅತ್ತೆ ಸುಟ್ಟ ಎಲೆಗಳನ್ನು ಕತ್ತರಿಸುತ್ತಿದ್ದರು, ನಾನು ಬರಿಯ ಮಣ್ಣು ನೋಡುತ್ತಿದ್ದೆ. ಇಪ್ಪತ್ತೆರಡನೇ ದಿನ ಗೋಡೆಯ ಪಕ್ಕದ ಟಬ್ಬಿನಲ್ಲಿ ಪೆನ್ಸಿಲ್ ಮೊನೆಯಷ್ಟು ಗುಲಾಬಿ ಸುರುಳಿ ಕಂಡಿತು. ಕೂಗಿಬಿಟ್ಟೆ. ನನ್ನ ಮಗಳು ಮೊದಲ ಹೆಜ್ಜೆ ಇಟ್ಟಾಗಲೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಅದೇ ಸಂಜೆ ಹೆಂಡತಿ ಫೋನು ಮಾಡಿ, "ಅಮ್ಮ ಈಗಲಾದ್ರೂ ಬರ್ತಾರಾ?" ಎಂದು ಕೇಳಿದಳು. "ಬರಲ್ಲ. ಕೆಸು ಬದುಕಿದೆ," ಎಂದೆ. ಫೋನಿಟ್ಟು ಇಬ್ಬರೂ ಶೀಟು ಮಡಚಿದೆವು. ಅಂಚಿಗೆ ಅಂಚು ಕೂಡದಿದ್ದರೆ ಅತ್ತೆ ಬಿಡುವವರಲ್ಲ, ಮತ್ತೆ ಬಿಚ್ಚಿಸಿದರು. ಆ ಹೊತ್ತಿಗೆ ಕತ್ತಲಾಗಿತ್ತು. ಒಳಗೆ ಹೋಗುವಾಗ ಮೆಟ್ಟಿಲು ಕಾಣದೆ ಮುಗ್ಗರಿಸಿದೆ.

"ಅಳಿಯಂದಿರೇ, ದೀಪ ದೀಪ ಅಂತಿದ್ರಲ್ಲ. ಒಂದು ಹಾಕಿ," ಎಂದರು. "ಸಣ್ಣದು. ಮೆಟ್ಟಿಲ ಹತ್ರ, ಕೆಳಗೆ. ಗಿಡದ ಮೇಲೆ ಬೀಳ್ಬಾರ್ದು."

"ಈಗ್ಯಾಕೆ ಅತ್ತೆ?"

ಅವರು ಮಡಚಿದ ಶೀಟುಗಳನ್ನು ನನ್ನ ಕೈಯಿಂದ ತೆಗೆದುಕೊಂಡರು. "ಆ ಕೊಂಬೆ ಮತ್ತೆ ಬೆಳೆಯೋಕೆ ಏಳೆಂಟು ವರ್ಷ ಬೇಕು. ಅಲ್ಲೀವರೆಗೂ ನೀವು ಕತ್ತಲಲ್ಲೇ ಬಂದು ಹೋಗೋಕಾಗುತ್ತಾ?"

ನಾನು ಟೇಪು ತೆಗೆದು ಮೆಟ್ಟಿಲಿನ ಎತ್ತರ ಅಳೆದೆ.