ಬೂಟುಗಾಲಿನ ವಿಜ್ಞಾನ

ನಮ್ಮ ಪ್ರಯೋಗಾಲಯದ ಹೊಸ ರೇಷ್ಮೆಹುಳದ ಬಗ್ಗೆ ರೈತರಿಗೆ ತಿಳಿಸಲು ಸಾಹೇಬರ ಜೊತೆ ಬೆಳಕವಾಡಿಗೆ ಹೋಗಿದ್ದೆ. ಹುಳಕ್ಕೆ ಜೇಡದ ಜೀನ್ ಸೇರಿಸಿದ್ದೇವೆ, ಅದರ ನೂಲಿನಿಂದ ಗಾಯ ಹೊಲಿಯಬಹುದು ಎಂದರು ಸಾಹೇಬರು. ಇಂಥ ಕೆಲಸದಲ್ಲಿ ಶುಚಿತ್ವವೇ ಮುಖ್ಯ ಎನ್ನುತ್ತಲೇ, ಸೆಂಟು ಘಮಘಮಿಸುತ್ತ, ಜಯಮ್ಮ ಎಂಬಾಕೆಯ ಹುಳದ ಮನೆಗೆ ಬೂಟುಗಾಲಲ್ಲೇ ನುಗ್ಗಹೊರಟರು.

"ನಿಂತ್ಕಳಿ ಸಾ!" ಜಯಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬೂಟ್ ಬಿಚ್ಚಿ, ಬ್ಲೀಚಿಂಗ್ ಪುಡಿ ತುಳ್ದು ಬನ್ನಿ. ಈ ಸೆಂಟಿನ ವಾಸ್ನೆಗೇ ನನ್ ಉಳ ಸತ್ತೋಯ್ತವೆ. ಉಳದ ಉಟ್ಟುಗುಣಾನೇ ಬದ್ಲಾಯ್ಸೋರ್ಗೆ ಇಷ್ಟೂ ಗೊತ್ತಿಲ್ವಾ?"

ಸಾಹೇಬರು ಬೂಟು ಬಿಚ್ಚಲಿಲ್ಲ. ಅಂಗಳದಲ್ಲೇ ಭಾಷಣ ಮುಗಿಸಿ ಜೀಪು ಹತ್ತಿ, ನನ್ನ ಕೈಲಿ ವರದಿ ಬರೆಸಿದರು: "ಇಲ್ಲಿನ ರೈತರಿಗೆ ಶುಚಿತ್ವದ ಅರಿವು ಸಾಲದು."

ಹೇಳಿದಂತೆಯೇ ಬರೆದೆ. ನಾನೂ ಸಂಬಳದ ಹುಳವೇ, ಹಾಕಿದ ಸೊಪ್ಪು ತಿನ್ನಬೇಕಲ್ಲ.