ಪಂಪಮ್ಮನ ಕಣ್ಣಿಗೊಂದು ಬಿಡುವು

ಸಿಂಧನೂರಿನ ಇಸ್ಮಾಯಿಲ್‌ಸಾಬ್ ಸೀಸದ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಲೇ ತಲೆ ನೆರೆದವರು. ತೊಂಬತ್ತಾರನೇ ಇಸವಿಯಲ್ಲಿ ಕಂಪ್ಯೂಟರ್ ತಂದರು. ತಂದದ್ದನ್ನು ನಾಲ್ಕು ಜನ ನೋಡಬೇಡವೇ? ಪರದೆಯ ಮುಖವನ್ನು ಬೀದಿಗೆ ಮಾಡಿ ಇಟ್ಟರು. ಅದನ್ನು ನಡೆಸಲು ಬಂದವಳು ಸಾಲಗುಂದದ ಪಂಪಮ್ಮ, ಲಿಂಗಸುಗೂರಿನಲ್ಲಿ ಟೈಪಿಂಗ್ ಕಲಿತ ಹುಡುಗಿ. ಬಿಸಿಲು ಗಾಜಿಗೆ ಹೊಡೆದು ಕಣ್ಣು ಕುಕ್ಕುತ್ತದೆಂದು ಬಂದ ವಾರವೇ ಮೇಜನ್ನು ಅಡ್ಡ ತಿರುಗಿಸಿಬಿಟ್ಟಳು. ಸಾಬರು ಮುಖ ಊದಿಸಿಕೊಂಡರು. ಆದರೆ ಅವಳ ಕೈಯಲ್ಲಿ ಒಂದು ತಪ್ಪಿಲ್ಲದೆ ಪತ್ರಿಕೆ ಹೊರಬಂದಾಗ ತಾವೇ ಚಹಾ ತರಿಸಿದರು.

ಆಗ ನಮ್ಮ ಕಡೆ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹೋದಾಗಲೆಲ್ಲ ಪಂಪಮ್ಮ ಹೊರಗಿನ ಕಟ್ಟೆಯ ಮೇಲೆ ಕೂತು ಮಸ್ಕಿ ಬಸ್ಸು ಬರುವ ದೂರದ ರಸ್ತೆಯನ್ನು ನೋಡುತ್ತಿದ್ದಳು. ಗಿರಾಕಿಗಳ ಗೊಣಗಾಟ ಕೇಳಲಾರದೆ ಸಾಬರು ಜನರೇಟರ್ ತಂದರು. ಇನ್ನು ಕೆಲಸ ನಿಲ್ಲುವ ಮಾತೇ ಇಲ್ಲ ಎಂದು ಹಿಗ್ಗಿದರು.

ಲಗ್ನದ ಹಂಗಾಮು ಅರ್ಧಕ್ಕೆ ಬರುವಷ್ಟರಲ್ಲಿ ಪಂಪಮ್ಮನ ಕಣ್ಣು ಕೆಂಪಾದವು. ಮಣ್ಣು ಬಿದ್ದಂತೆ ಚುಚ್ಚುತ್ತಿದ್ದವು, ಸಂಜೆಗೆ ತಲೆ ಸಿಡಿಯುತ್ತಿತ್ತು. ತಾಯಿ ಅಂಬಮ್ಮ ಹರಳೆಣ್ಣೆ ಹಚ್ಚಿದಳು, ದೃಷ್ಟಿ ತೆಗೆದಳು. ಕೊನೆಗೆ, ಕಣ್ಣು ಕಳೆದುಕೊಂಡು ಮಾಡುವ ಕೆಲಸ ಬೇಡ, ನಾಟಿಗೆ ಬಾ ಎಂದಳು. ಪಂಪಮ್ಮ ಲಿಂಗಸುಗೂರಿನ ಕಣ್ಣಿನ ಡಾಕ್ಟರಲ್ಲಿಗೆ ಹೋದಳು. ಕಣ್ಣು ಕೆಟ್ಟಿಲ್ಲ, ದಣಿದಿವೆ. ಪರದೆ ನೋಡುತ್ತ ರೆಪ್ಪೆ ಬಡಿಯುವುದನ್ನೇ ಮರೆಯುತ್ತೀ, ಆಗಾಗ ಎದ್ದು ದೂರ ನೋಡು ಎಂದರು ಅವರು. ಇಷ್ಟು ದಿನ ಕರೆಂಟು ತನ್ನಿಂದ ಮಾಡಿಸುತ್ತಿದ್ದುದು ಇದನ್ನೇ ಎಂದು ಹುಡುಗಿಗೆ ಹೊಳೆಯಿತು. ಮುಂಗಾರಿನ ಕಾರಹುಣ್ಣಿಮೆಯೊಳಗೆ ಕಣ್ಣು ತಿಳಿಯಾಗದಿದ್ದರೆ ಗದ್ದೆಗೇ ಬರುತ್ತೇನೆಂದು ತಾಯಿಗೆ ಮಾತು ಕೊಟ್ಟಳು.

ಅದೇ ವಾರ ಮಸ್ಕಿಯ ವ್ಯಾಪಾರಿ ದೊಡ್ಡಬಸಪ್ಪ ಮಗಳ ಲಗ್ನಪತ್ರಿಕೆಗೆ ಬಂದು ಕೂತರು. ಸುಖಾಗಮನ ಬಯಸುವವರ ಹೆಸರುಗಳು ಮುಗಿಯಲೊಲ್ಲವು. ಒಬ್ಬ ಬೀಗ ನೆನಪಾದಾಗಲೆಲ್ಲ ಅಕ್ಷರ ಸಣ್ಣದಾಗುತ್ತಿತ್ತು. ಕಡೆಗೆ ಸಾಸಿವೆ ಕಾಳಿನಷ್ಟಾಯಿತು. ಪಂಪಮ್ಮ ಮಾಡಿದ್ದನ್ನು ಸೇವ್ ಮಾಡಿ, ಕಂಪ್ಯೂಟರ್ ಆರಿಸಿ, ಹೊರಗೆ ನಡೆದಳು. ದೊಡ್ಡಬಸಪ್ಪ ಸಿಡುಕಿದರು. ಎದುರು ಬೀದಿಯಲ್ಲಿ ಇಂಥದೇ ಇನ್ನೊಂದು ಅಂಗಡಿ ಬೇರೆ ಎದ್ದಿತ್ತು. ಸಾಬರು ಅವಳ ಹಿಂದೆಯೇ ಓಡಿದರು.

"ಗಿರಾಕಿ ಕುಂತಾರವ್ವ. ಮುಗಿಸಿ ಏಳಬಾರದೇನ?"

"ಕಾಕಾ, ಕರೆಂಟ್ ಹೋದ್ರ ಇವ್ರೇ ತಾಸುಗಟ್ಲೆ ಕುಂದರ್ತಿದ್ರು. ನಾ ಎದ್ರ ಸಿಟ್ಟು ಬರ್ತೈತಿ. ಕರೆಂಟಿಗಿರೋ ಮರ್ಯಾದಿ ನನ್ನ ಕಣ್ಣಿಗಿಲ್ಲೇನ್ರಿ?"

ಮೊಳೆ ನೋಡಿ ನೋಡಿ ಸಾಬರ ಕಣ್ಣೂ ಮಂಜಾಗಿದ್ದವು. ಹೀಗೆ ಕೇಳುವ ಎದೆ ಮಾತ್ರ ಅವರಿಗೆ ಎಂದೂ ಬಂದಿರಲಿಲ್ಲ. ಈ ಹುಡುಗಿಯ ಮೇಲೆ ಅಭಿಮಾನ ಉಕ್ಕಿತು. ಹಿತ್ತಲಿಗೆ ಹೋಗಿ, ಬೆಳಗಿನಿಂದ ಓಡುತ್ತಿದ್ದ ಜನರೇಟರ್ ಆರಿಸಿದರು. ಒಳಗೆ ಫ್ಯಾನು ನಿಂತಿತು.

"ಕರೆಂಟ್ ಹೋಗೈತ್ರಿ ಸಾವ್ಕಾರ್ರ, ಚಾ ಕುಡೀರಿ," ಎಂದರು.

ಆಮೇಲೆ ಊರಿಗೆಲ್ಲ ಕರೆಂಟು ಇದ್ದಾಗಲೂ ಸಾಬರ ಅಂಗಡಿಯಲ್ಲಿ ಆಗಾಗ ಹೋಗುತ್ತಿತ್ತು. ಗಿರಾಕಿಗಳು ಬೈದರು, ಬೈಯುತ್ತಲೇ ಬಂದರು.

ಕಾರಹುಣ್ಣಿಮೆಯ ಹಿಂದಿನ ದಿನ ಅಂಬಮ್ಮ ಅಂಗಡಿಗೇ ಬಂದಳು. ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣನ್ನು ಬಹಳ ಹೊತ್ತು ನೋಡಿದಳು.

"ನಾಟಿಗೆ ಬ್ಯಾರೆ ಆಳ್ ನೋಡ್ತೀನಿ ಬಿಡು," ಎಂದಳು.